ಕೋಡಿ ಒಂದಡಿ ಏರಿಸೋಣ ಅನ್ನೋ ಮುಂಚೆ ಈ ಲೆಕ್ಕ ನೋಡಿ

ಕೆರೆ ಕೋಡಿ ಬಿತ್ತು ಅಂದ್ರೆ ಈಗ ಮೊದಲು ಗೊತ್ತಾಗೋದು ವಾಟ್ಸಾಪ್ ಸ್ಟೇಟಸ್‌ನಲ್ಲಿ. ಡ್ರೋನ್‌ನಲ್ಲಿ ತೆಗೆದ ವಿಡಿಯೋ, ಹಿಂದೆ ಒಂದು ಸಿನಿಮಾ ಹಾಡು, ಎರಡು ದಿನ ಬಿಟ್ಟು ಬಾಗಿನ. ಖುಷಿ ಪಡಬೇಕಾದ್ದೇ, ಅದರಲ್ಲಿ ತಪ್ಪೇನಿಲ್ಲ. ಹತ್ತು ಹದಿನೈದು ವರ್ಷ ಬರಿದಾಗಿದ್ದ ಕೆರೆ ತುಂಬಿದ್ರೆ ಯಾರಿಗೆ ಸಂತೋಷ ಆಗಲ್ಲ ಹೇಳಿ? ಆದರೆ ಆ ಸಂತೋಷದ ಬೆನ್ನಿಗೇ ಬಹಳಷ್ಟು ಊರುಗಳಲ್ಲಿ ಒಂದು ಮಾತು ಹುಟ್ಟಿಕೊಳ್ಳುತ್ತೆ. "ಇಷ್ಟೊಂದು ನೀರು ಸುಮ್ನೆ ಹರಿದು ಹೋಗ್ತಿದೆ. ಕೋಡಿ ಮೇಲೆ ಒಂದಡಿ ಕಾಂಕ್ರೀಟ್ ಹಾಕಿಸಿಬಿಡೋಣ."

ನಮ್ಮೂರಲ್ಲೂ ಈ ಮಾತು ಬಂದಿದೆ. ನಾನು ತುಮಕೂರು ಜಿಲ್ಲೆಯವನು. ಕೆರೆ ಏರಿಯ ಕೆಳಗೇ ನನ್ನ ಎರಡೂವರೆ ಎಕರೆ ಅಡಿಕೆ, ತೆಂಗು ಇದೆ. ಕೆರೆಯಲ್ಲಿ ನೀರು ನಿಂತರೆ ನನ್ನ ಬೋರ್‌ವೆಲ್ ನಿಲ್ಲುತ್ತೆ, ಇಲ್ಲದಿದ್ದರೆ ಇಲ್ಲ. ಅಂದರೆ ಆ ಒಂದಡಿ ನೀರಿನ ಲಾಭ ಮೊದಲು ಸಿಗೋದು ನನಗೇ. ಆದರೂ ನಾನು ಬೇಡ ಅಂತಿದ್ದೀನಿ. ಯಾಕೆ ಅಂತ ಇಲ್ಲಿ ಬರೀತಿದ್ದೀನಿ, ಯಾಕೆಂದರೆ ನಿಮ್ಮೂರಲ್ಲೂ ಇವತ್ತಲ್ಲ ನಾಳೆ ಈ ಪ್ರಶ್ನೆ ಬಂದೇ ಬರುತ್ತೆ.

ನನ್ನ ಮಾತು ಇಷ್ಟೇ: ಕೋಡಿಗೂ ಏರಿಯ ಮೇಲ್ಭಾಗಕ್ಕೂ ನಡುವೆ ಇರುವ ಎರಡು ಮೂರು ಅಡಿ ಜಾಗ ವ್ಯರ್ಥ ಜಾಗವಲ್ಲ. ಅದು ನೆರೆಗೆ ಅಂತ ಹಿರಿಯರು ಬಿಟ್ಟ ದಾರಿ. ಅದನ್ನು ನೀರು ಕೂಡಿಡೋಕೆ ಬಳಸಿಕೊಂಡರೆ ಕೆರೆಯನ್ನೇ ಕಳೆದುಕೊಳ್ಳುವ ದಿನ ಬರಬಹುದು.

ಒಂದಡಿಯ ಲೆಕ್ಕ

ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ, ಒಟ್ಟಿಗೇ ಲೆಕ್ಕ ಹಾಕೋಣ. ಒಂದು ಸಾಧಾರಣ ಕೆರೆ ಅಂದುಕೊಳ್ಳಿ. ನೀರು ಹರಡುವ ಅಂಗಳ 40 ಎಕರೆ. ಕೋಡಿಯ ಉದ್ದ 50 ಅಡಿ. ಕೋಡಿ ಮಟ್ಟದಿಂದ ಏರಿಯ ಮೇಲ್ಭಾಗಕ್ಕೆ 3 ಅಡಿ. ಕೆರೆಗೆ ನೀರು ಬರುವ ಜಲಾನಯನ ಪ್ರದೇಶ, ಅಂದರೆ ಮೇಲಿನ ಗುಡ್ಡ, ಹೊಲ, ಗೋಮಾಳ ಎಲ್ಲ ಸೇರಿ 1,200 ಎಕರೆ.

ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4 ಲಕ್ಷ ಲೀಟರ್ ನೀರು. 1,200 ಎಕರೆಗೆ 48 ಕೋಟಿ ಲೀಟರ್. ನೆಲ ಮೊದಲೇ ನೆನೆದಿದ್ದು, ಅರ್ಧ ಇಂಗಿ ಅರ್ಧ ಹರಿದು ಬಂತು ಅಂದುಕೊಂಡರೂ 24 ಕೋಟಿ ಲೀಟರ್ ಕೆರೆಗೆ ಬರುತ್ತೆ. ಅದು ಆರು ಗಂಟೆಯಲ್ಲಿ ಬಂದರೆ ಸೆಕೆಂಡಿಗೆ ಸರಾಸರಿ 11 ಸಾವಿರ ಲೀಟರ್. ಕೆರೆ ಆಗಲೇ ತುಂಬಿದ್ದರೆ ಹೆಚ್ಚುಕಡಿಮೆ ಇಷ್ಟೂ ನೀರು ಕೋಡಿಯ ಮೇಲೇ ದಾಟಬೇಕು.

ಈಗ ಕೋಡಿಯ ಶಕ್ತಿ ನೋಡಿ. 50 ಅಡಿ ಉದ್ದದ ಕೋಡಿಯ ಮೇಲೆ 2 ಅಡಿ ಎತ್ತರಕ್ಕೆ ನೀರು ಹರಿದರೆ ಸೆಕೆಂಡಿಗೆ ಸುಮಾರು 12 ಸಾವಿರ ಲೀಟರ್ ದಾಟುತ್ತೆ. ಅಂದರೆ ಆ ರಾತ್ರಿಯ ನೆರೆ ಪೂರ್ತಿ ಹೋಗುತ್ತೆ. ಏರಿಯ ಮೇಲ್ಭಾಗಕ್ಕೆ ಇನ್ನೂ ಒಂದಡಿ ಉಳಿದಿರುತ್ತೆ. ಗಾಳಿಗೆ ಏಳುವ ಅಲೆಗೆ, ಏರಿ ಅಲ್ಲಲ್ಲಿ ಕುಸಿದಿದ್ದರೆ ಅದಕ್ಕೆ, ಆ ಒಂದಡಿ ಬೇಕೇ ಬೇಕು. ಇಂಜಿನಿಯರುಗಳು ಇದನ್ನು ಫ್ರೀಬೋರ್ಡ್ ಅಂತಾರೆ.

ಅದೇ ಕೋಡಿಯ ಮೇಲೆ 1 ಅಡಿ ಎತ್ತರಕ್ಕೆ ಮಾತ್ರ ನೀರು ಹರಿದರೆ ಎಷ್ಟು ದಾಟಬಹುದು? ಅರ್ಧ, ಅಂದರೆ 6 ಸಾವಿರ ಲೀಟರ್ ಅಂತ ನಮ್ಮ ಮನಸ್ಸು ಹೇಳುತ್ತೆ. ಅಲ್ಲ. ಸುಮಾರು 4,300 ಲೀಟರ್ ಅಷ್ಟೇ. ನೀರಿನ ಎತ್ತರ ಅರ್ಧ ಆದರೆ ಹರಿವು ಹತ್ತಿರ ಹತ್ತಿರ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಎತ್ತರ ಕಡಿಮೆಯಾದಾಗ ನೀರಿನ ವೇಗವೂ ಕಡಿಮೆಯಾಗುತ್ತೆ, ಅದಕ್ಕೇ ಎರಡು ಕಡೆಯಿಂದ ನಷ್ಟ.

ಈಗ ಕೋಡಿ ಒಂದಡಿ ಏರಿಸಿದ್ವಿ ಅಂದುಕೊಳ್ಳಿ. ಅಲೆಗೆ ಅಂತ ಇಟ್ಟ ಒಂದಡಿ ಬಿಟ್ಟರೆ ನೆರೆಗೆ ಉಳಿಯೋದು ಒಂದೇ ಅಡಿ. ಬರೋದು 11 ಸಾವಿರ ಲೀಟರ್, ಹೋಗೋದು 4,300. ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ? ಕೆರೆಯಲ್ಲೇ ಏರುತ್ತೆ. ಅದೇ ನೆರೆ ಪೂರ್ತಿ ದಾಟಬೇಕಾದರೆ ನೀರು ಹೆಚ್ಚುಕಡಿಮೆ ಏರಿಯ ಮೇಲ್ಭಾಗವನ್ನೇ ಮುಟ್ಟಬೇಕು. ಏರಿಯಲ್ಲಿ ಟ್ರ್ಯಾಕ್ಟರ್ ಓಡಾಡಿ ಅರ್ಧ ಅಡಿ ತಗ್ಗಾದ ಒಂದು ಜಾಗ ಇದ್ದರೆ ಸಾಕು, ನೀರು ಅಲ್ಲಿಂದ ಇಳಿಯೋಕೆ ಶುರು.

ಸಿಗುವ ಲಾಭವನ್ನೂ ಮುಚ್ಚಿಡಲ್ಲ. 40 ಎಕರೆ ಅಂಗಳದಲ್ಲಿ ಒಂದಡಿ ನೀರು ಅಂದರೆ ಸುಮಾರು 5 ಕೋಟಿ ಲೀಟರ್. ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ. ಒಂದಡಿ ಕಾಂಕ್ರೀಟ್‌ಗೆ ಎರಡು ದಿನದ ಕೆಲಸ, ಕಡಿಮೆ ಖರ್ಚು. ಅದಕ್ಕೇ ಎಲ್ಲರಿಗೂ ಆಸೆ. ಆದರೆ ಇದನ್ನು ಸುರಕ್ಷಿತವಾಗಿ ಮಾಡಬೇಕಾದರೆ ಕೋಡಿಯ ಉದ್ದವನ್ನು 50 ಅಡಿಯಿಂದ ಸುಮಾರು 140 ಅಡಿಗೆ ಹೆಚ್ಚಿಸಬೇಕು, ಇಲ್ಲವೇ ಇಡೀ ಏರಿಯನ್ನೇ ಎತ್ತರಿಸಿ ದಪ್ಪ ಮಾಡಬೇಕು. ಆ ಖರ್ಚನ್ನು ಯಾರೂ ಸಭೆಯಲ್ಲಿ ಹೇಳಲ್ಲ.

ಮಣ್ಣಿನ ಏರಿಗೆ ಎರಡು ಶತ್ರು

ಕಲ್ಲಿನ ಕಟ್ಟೆ, ಕಾಂಕ್ರೀಟ್ ಅಣೆಕಟ್ಟಿನ ಮೇಲೆ ನೀರು ಹರಿದರೂ ಅದು ತಡೆದುಕೊಳ್ಳಬಹುದು. ಮಣ್ಣಿನ ಏರಿಗೆ ಆ ಶಕ್ತಿ ಇಲ್ಲ. ಏರಿ ಮೇಲೆ ದಾಟಿದ ನೀರು ಹಿಂಬದಿಯ ಇಳಿಜಾರಿನಲ್ಲಿ ಓಡುತ್ತಾ ಮೊದಲು ಬುಡದ ಮಣ್ಣನ್ನು ಕೀಳುತ್ತೆ. ಅಲ್ಲಿಂದ ಕೊರೆತ ಮೇಲಕ್ಕೆ ಹತ್ತುತ್ತೆ. ಒಂದು ಮೊಳ ಅಗಲದ ಕೊರಕಲು ಕಣ್ಣೆದುರೇ ಹತ್ತು ಗಜ ಅಗಲವಾಗುತ್ತೆ. ಆಮೇಲೆ ಜೆಸಿಬಿ ತಂದರೂ ಪ್ರಯೋಜನ ಇಲ್ಲ.

ಎರಡನೇ ಶತ್ರು ಒಳಗಿಂದ ಬರುತ್ತೆ. ಏರಿಯೊಳಗೆ ನೀರು ಸಣ್ಣ ದಾರಿ ಮಾಡಿಕೊಂಡು ಮಣ್ಣಿನ ಕಣ ಎಳೆದುಕೊಂಡು ಬರೋಕೆ ಶುರು ಮಾಡಿದರೆ ಆ ದಾರಿ ದಿನದಿಂದ ದಿನಕ್ಕೆ ದೊಡ್ಡದಾಗುತ್ತೆ. ಹಳೇ ತೂಬಿನ ಅಕ್ಕಪಕ್ಕ, ಸತ್ತ ಮರದ ಬೇರಿನ ಜಾಗ, ಹೆಗ್ಗಣದ ಬಿಲ, ಏಡಿಯ ತೂತು, ಏರಿ ಅಗೆದು ಹೂತಿಟ್ಟ ಪಿವಿಸಿ ಪೈಪಿನ ಪಕ್ಕ ಇದು ಹೆಚ್ಚು.

2019ರ ಜುಲೈ 2ರ ರಾತ್ರಿ ನಮ್ಮ ಪಕ್ಕದ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ತಿವರೆ ಅನ್ನೋ ಊರಿನ ಮಣ್ಣಿನ ಅಣೆಕಟ್ಟು ಒಡೆಯಿತು. ಅದು ದೊಡ್ಡ ಡ್ಯಾಮ್ ಏನಲ್ಲ, ಹಳ್ಳಿಗೆ ಅಂತ ಕಟ್ಟಿದ ಸಣ್ಣ ನೀರಾವರಿ ಕಟ್ಟೆ. ಕೆಳಗಿನ ಮನೆಗಳು ಕೊಚ್ಚಿಹೋಗಿ ಸುಮಾರು 20 ಜನ ಸತ್ತರು. ಕಟ್ಟೆ ಸೋರ್ತಿದೆ ಅಂತ ಊರಿನವರು ಮೊದಲೇ ದೂರು ಕೊಟ್ಟಿದ್ದರು. ಒಡೆದ ಮೇಲೆ ಆಗಿನ ಸಚಿವರು ಏಡಿಗಳಿಂದ ಹೀಗಾಯಿತು ಅಂದರು, ದೇಶವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಏಡಿ ತೂತು ಮಾಡೋದು ನಿಜ. ಆದರೆ ಏಡಿ ತೂತು ಮಾಡುತ್ತೆ ಅಂತ ಗೊತ್ತಿದ್ದೂ ವರ್ಷಕ್ಕೊಮ್ಮೆ ಏರಿ ನೋಡೋಕೆ ಒಬ್ಬ ಮನುಷ್ಯ ಇಲ್ಲ ಅನ್ನೋದೇ ಅಲ್ಲವೇ ಸಮಸ್ಯೆ?

ಇನ್ನೊಂದು 2021ರ ನವೆಂಬರ್ 19ರದು. ಆಂಧ್ರದ ಕಡಪ ಕಡೆ ಚೆಯ್ಯೇರು ನದಿಯ ಅನ್ನಮಯ್ಯ ಯೋಜನೆ. ಮೇಲಿನ ಪಿಂಛಾ ಯೋಜನೆಯ ಕಟ್ಟೆ ಮೊದಲು ಒಡೆಯಿತು. ಆ ನೀರೂ ಮಳೆ ನೀರೂ ಸೇರಿ ಅನ್ನಮಯ್ಯಕ್ಕೆ ಬಂತು. ಅಲ್ಲಿ ಐದು ಗೇಟಿನಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ. ನೀರು ಮಣ್ಣಿನ ಏರಿಯ ಮೇಲೆ ದಾಟಿ ಏರಿ ಕೊಚ್ಚಿಹೋಯಿತು, ಕೆಳಗಿನ ಹಳ್ಳಿಗಳಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಅದು ನಮ್ಮ ಕೆರೆಗಿಂತ ಬಹಳ ದೊಡ್ಡದು, ನಿಜ. ಆದರೆ ನೀರಿನ ನಿಯಮ ಅಲ್ಲೂ ಇಲ್ಲೂ ಒಂದೇ. ಹೋಗುವ ದಾರಿ ಐದನೇ ಒಂದು ಭಾಗ ಮುಚ್ಚಿದರೂ ಅಪಾಯ. ನಾವು ಕೋಡಿ ಒಂದಡಿ ಏರಿಸಿ ಮುಚ್ಚೋದು ಮೂರರಲ್ಲಿ ಎರಡು ಭಾಗ.

ಕೆರೆ ನೀರು ಕೂಡಿಡುತ್ತೆ, ನೆರೆಯನ್ನೂ ತಡೆಯುತ್ತೆ

ಕೆರೆ ಅಂದ ತಕ್ಷಣ ನಾವು ಯೋಚಿಸೋದು ಎಷ್ಟು ತುಂಬಿದೆ ಅಂತ. ಆದರೆ ಬಯಲುಸೀಮೆಯ ಕೆರೆಗಳು ಒಂದರ ಕೆಳಗೊಂದು ಸರಣಿಯಲ್ಲಿವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದ್ದು ಇನ್ನೂ ಕೆಳಗಿನದಕ್ಕೆ. ಜೋರು ಮಳೆ ಬಂದಾಗ ಪ್ರತಿ ಕೆರೆಯೂ ಸ್ವಲ್ಪ ಹೊತ್ತು ನೀರನ್ನು ತಡೆದು, ಅಂಗಳದಲ್ಲಿ ಹರಡಿ, ಕೋಡಿಯಿಂದ ನಿಧಾನವಾಗಿ ಬಿಡುತ್ತೆ. ಎರಡು ಗಂಟೆಯಲ್ಲಿ ನುಗ್ಗಬೇಕಾದ ನೆರೆಯನ್ನು ಹತ್ತು ಗಂಟೆಗೆ ಹಂಚುತ್ತೆ. ಹಳ್ಳದ ದಂಡೆಯ ಮನೆ, ತೋಟ ಉಳಿಯೋದು ಇದರಿಂದ. ಹಾಗೇ ಮೇಲಿನ ಒಂದು ಏರಿ ಒಡೆದರೆ ಕೆಳಗಿನ ಕೆರೆಗಳಿಗೆ ಒಂದೇ ಸಲ ಹೊರಲಾರದ ಹೊರೆ. ನಮ್ಮ ಕೋಡಿಯ ನಿರ್ಧಾರ ನಮ್ಮೂರಿನದು ಮಾತ್ರ ಅಲ್ಲ, ಕೆಳಗಿನ ಊರಿನದೂ ಹೌದು.

ನೆರೆ ತಡೆಯೋಕೆ ಅಂತಲೇ ಮಣ್ಣಿನ ಕಟ್ಟೆ ಕಟ್ಟುವವರು ಹೇಗೆ ಕಟ್ಟುತ್ತಾರೆ ಅನ್ನೋದು ಇಲ್ಲಿ ತಿಳಿದಿರಬೇಕು. ಅಮೆರಿಕದಲ್ಲಿ 1948ರಲ್ಲಿ ಒಕ್ಲಹೋಮಾ ರಾಜ್ಯದಿಂದ ಶುರುವಾಗಿ ಈಗ ಸುಮಾರು 12 ಸಾವಿರ ಇಂಥ ಹಳ್ಳಿ ಕಟ್ಟೆಗಳಿವೆ, ಹೆಚ್ಚಿನವು ರೈತರ ಜಮೀನಿನಲ್ಲೇ. ಅವುಗಳಲ್ಲಿ ಒಂದು ನಿಗದಿತ ಮಟ್ಟಕ್ಕೆ ಬಾಗಿಲಿಲ್ಲದ ಕೊಳವೆ ಇರುತ್ತೆ. ಗೇಟ್ ಇಲ್ಲ, ಬೀಗ ಇಲ್ಲ, ತಿರುಗಿಸೋಕೆ ಯಾರೂ ಬೇಕಿಲ್ಲ. ಮಳೆ ನಿಂತ ಮೇಲೆ ಕೆಲವು ದಿನಗಳಲ್ಲಿ ಆ ಮಟ್ಟದಿಂದ ಮೇಲಿನ ನೀರು ತಾನೇ ಖಾಲಿಯಾಗಿ ಮುಂದಿನ ನೆರೆಗೆ ಜಾಗ ಸಿದ್ಧವಾಗಿರುತ್ತೆ. ಅದಕ್ಕೂ ಮೀರಿ ನೀರು ಬಂದರೆ ಪಕ್ಕದಲ್ಲಿ ಹುಲ್ಲು ಬೆಳೆಸಿದ ಅಗಲವಾದ ಕೋಡಿ. ಹೊಟ್ಟೆ ಖಾಲಿ ಇದ್ದರೆ ಮಾತ್ರ ಕಟ್ಟೆ ನೆರೆ ನುಂಗೋದು, ಸೂತ್ರ ಅಷ್ಟೇ.

ನಮ್ಮ ಬಯಲುಸೀಮೆಗೆ ಖಾಲಿ ಕೆರೆ ಇಟ್ಟುಕೊಳ್ಳಿ ಅಂತ ನಾನು ಹೇಳಲ್ಲ. ಹೇಳಿದರೆ ನನ್ನನ್ನೇ ಊರು ಬಿಡಿಸ್ತಾರೆ. ಆದರೆ ಈಗ ಕೆರೆಗಳಿಗೆ ಮಳೆ ನೀರು ಮಾತ್ರ ಬರ್ತಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರೀತಿದೆ. ಜಗಳೂರು ಭಾಗದ 57 ಕೆರೆಗಳಿಗೆ ತುಂಗಭದ್ರೆಯ ನೀರು ಏತದಲ್ಲಿ ತರುವ ಯೋಜನೆ ಇದೆ. ತುಮಕೂರಿನ ಎಷ್ಟೋ ಕೆರೆಗೆ ಹೇಮಾವತಿ ಬರುತ್ತೆ. ಒಳ್ಳೇದೇ. ಆದರೆ ಪೈಪಿನ ನೀರು ಆಗಸ್ಟ್‌ನಲ್ಲೇ ಕೋಡಿ ಮಟ್ಟಕ್ಕೆ ತಂದು ನಿಲ್ಲಿಸಿದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಜಾಗ ಎಲ್ಲಿ? ನಮ್ಮ ಕಡೆ ಜೋರು ಮಳೆ ಬರೋದೇ ಆ ಎರಡು ತಿಂಗಳು. 2021ರಲ್ಲಿ ನವೆಂಬರ್‌ವರೆಗೂ ಸುರಿದು ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆ ಕೋಡಿ ಹರಿದದ್ದು ನಿಮಗೆ ನೆನಪಿರಬಹುದು. ಏತದ ನೀರನ್ನು ಕೋಡಿಗಿಂತ ಎರಡು ಅಡಿ ಕೆಳಗೆ ನಿಲ್ಲಿಸಿ, ಹಿಂಗಾರು ಮುಗಿದ ಮೇಲೆ ಡಿಸೆಂಬರ್‌ನಲ್ಲಿ ಮೇಲಕ್ಕೆ ತುಂಬಿಸಲಿ. ನೀರೂ ಸಿಗುತ್ತೆ, ಏರಿಯೂ ಉಳಿಯುತ್ತೆ.

"ಅಜ್ಜನ ಕಾಲದಿಂದ ಒಡೆದಿಲ್ಲ"

ಸಭೆಯಲ್ಲಿ ನನಗೆ ಸಿಕ್ಕ ಮೊದಲ ಉತ್ತರ ಇದು. "ಅಣ್ಣಾ, ಮುತ್ತಾತನ ಕಾಲದ ಏರಿ ಅದು, ಇಷ್ಟು ವರ್ಷ ಆಗದ್ದು ಈಗ ಆಗುತ್ತಾ?" ಅಂತ ಒಬ್ಬ ತಮ್ಮ ಕೇಳಿದ. ನನ್ನ ಉತ್ತರ: ಇಷ್ಟು ವರ್ಷ ಒಡೆಯದೇ ಇದ್ದದ್ದು ಮುತ್ತಾತ ಕೋಡಿಯನ್ನು ಆ ಮಟ್ಟಕ್ಕೆ ಇಟ್ಟಿದ್ದಕ್ಕೇ. ಕೋಡಿ ಏರಿಸಿದ ಮೇಲೆ ಅದು ಮುತ್ತಾತನ ಕೆರೆ ಅಲ್ಲ, ನಮ್ಮ ಕೆರೆ.

ಏರಿ, ಕೋಡಿ ಬಗ್ಗೆ ಹಿರಿಯರಿಗೆ ಎಷ್ಟು ಗೊತ್ತಿತ್ತು ಅನ್ನೋದಕ್ಕೆ ಒಂದು ಉದಾಹರಣೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಗೆ 1369ರ ಶಾಸನ ಇದೆ. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಗೆ ಇರಬಾರದ ಆರು ದೋಷ ಅದರಲ್ಲಿ ಪಟ್ಟಿ ಮಾಡಿದ್ದಾರೆ. ಆರು ದೋಷದಲ್ಲಿ ಒಂದು ಏರಿಯಿಂದ ನೀರು ಜಿನುಗೋದು. ಇನ್ನೊಂದು, ಜಾಗ ಕಡಿಮೆ ಇದ್ದು ನೀರು ಅತಿಯಾಗಿ ಬರೋದು. ಆರೂವರೆ ಶತಮಾನದ ಹಿಂದೆ ಕಲ್ಲಿನಲ್ಲಿ ಕೆತ್ತಿದ್ದನ್ನೇ ನಾನು ಇವತ್ತು ಮೊಬೈಲ್‌ನಲ್ಲಿ ಟೈಪ್ ಮಾಡ್ತಿದ್ದೀನಿ.

ಜೊತೆಗೆ ಮುತ್ತಾತನ ಕಾಲಕ್ಕೂ ಈಗಕ್ಕೂ ಮೂರು ವ್ಯತ್ಯಾಸ ಇವೆ. ಒಂದು, ಆಗ ಮೇಲಿನ ಗುಡ್ಡದಲ್ಲಿ ಗಿಡಗಂಟಿ ಇತ್ತು, ಸಣ್ಣ ಕಟ್ಟೆ, ಕುಂಟೆ ಇದ್ದವು. ಈಗ ಅಲ್ಲಿ ರಸ್ತೆ, ಲೇಔಟ್, ಕ್ವಾರಿ. ನೀರು ಇಂಗದೆ ನೇರ ಓಡಿ ಬರುತ್ತೆ. ಎರಡು, ಆಗ ನೀರುಗಂಟಿ ಇದ್ದ. ತೂಬು ಎತ್ತೋದು, ನೀರು ಹಂಚೋದರ ಜೊತೆಗೆ ಏರಿ ಮೇಲೆ ಓಡಾಡಿ ಕಣ್ಣಿಡೋದೂ ಅವನ ಕೆಲಸ. ಈಗ ಆ ಜಾಗದಲ್ಲಿ ಯಾರೂ ಇಲ್ಲ. ಮೂರು, ವರ್ಷಗಟ್ಟಲೆ ಒಣಗಿದ ಏರಿಯಲ್ಲಿ ಬಿರುಕು ಬಿಟ್ಟಿರುತ್ತೆ, ಹುತ್ತ ಎದ್ದಿರುತ್ತೆ, ಬಿಲ ಆಗಿರುತ್ತೆ, ಜಾಲಿ ಬೇರು ಇಳಿದಿರುತ್ತೆ. ಅಂಥ ಕೆರೆ ಬಹಳ ವರ್ಷದ ಮೇಲೆ ಮೊದಲ ಸಲ ತುಂಬುವಾಗಲೇ ಅಪಾಯ ಹೆಚ್ಚು. ನಾವು ವಿಡಿಯೋ ಮಾಡೋದೂ ಸರಿಯಾಗಿ ಆಗಲೇ.

ಎರಡನೇ ಉತ್ತರ: "ಅದೆಲ್ಲ ಇಲಾಖೆ ನೋಡ್ಕೊಳ್ಳುತ್ತೆ ಬಿಡಿ." ಕಾನೂನು ಏನು ಹೇಳುತ್ತೆ ನೋಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯ ಆಗೋದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ, ಜೊತೆಗೆ ಕೆಲವು ಷರತ್ತಿಗೆ ಒಳಪಟ್ಟ 10ರಿಂದ 15 ಮೀಟರ್‌ನವಕ್ಕೆ. 10 ಮೀಟರ್‌ಗಿಂತ ತಗ್ಗಿನ ಏರಿ ಆ ಕಾಯ್ದೆಯ ಲೆಕ್ಕಕ್ಕೇ ಬರಲ್ಲ. ನಮ್ಮ ಹಳ್ಳಿ ಕೆರೆಗಳಲ್ಲಿ ಹೆಚ್ಚಿನವು ಅಂಥವೇ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಗೆ. ರಾಜ್ಯದಲ್ಲಿ ಸಾವಿರ ಸಾವಿರ ಕೆರೆ, ಕೈಬೆರಳಲ್ಲಿ ಎಣಿಸುವಷ್ಟು ಇಂಜಿನಿಯರುಗಳು. ಒಬ್ಬರು ವರ್ಷಕ್ಕೊಮ್ಮೆ ನಮ್ಮ ಏರಿ ಮೇಲೆ ನಡೆದರೆ ಅದೇ ಪುಣ್ಯ. ಇಲಾಖೆಯ ಜವಾಬ್ದಾರಿ ಇಲ್ಲ ಅಂತ ನಾನು ಹೇಳ್ತಿಲ್ಲ, ಕೇಳಲೇಬೇಕು. ಆದರೆ ಕೇಳೋಕೂ ಕೈಯಲ್ಲಿ ಫೋಟೊ, ಅಳತೆ, ತಾರೀಕು ಇರಬೇಕು.

ಮೂರನೇ ಉತ್ತರ ನಿಜವಾಗಿ ಭಾರವಾದದ್ದು: "ಬರ ಬಂದಾಗ ನೀರಿಲ್ಲದೆ ತೋಟ ಒಣಗಿತಲ್ಲ, ಆಗ ಏನ್ ಮಾಡೋದು?" ಇದಕ್ಕೆ ಉತ್ತರ ಕೋಡಿಯಲ್ಲಿಲ್ಲ, ಕೆರೆಯ ತಳದಲ್ಲಿದೆ. ನೀರಿಗೆ ಜಾಗ ಬೇಕಾದರೆ ಮೇಲಕ್ಕೆ ಏರಬೇಡಿ, ಕೆಳಕ್ಕೆ ಇಳಿಯಿರಿ. ಅದೇ 5 ಕೋಟಿ ಲೀಟರ್ ಜಾಗಕ್ಕೆ ಸುಮಾರು 50 ಸಾವಿರ ಘನ ಮೀಟರ್ ಹೂಳು ತೆಗೀಬೇಕು. ಟ್ರ್ಯಾಕ್ಟರ್ ಲೆಕ್ಕದಲ್ಲಿ ಹದಿನೇಳು ಸಾವಿರ ಲೋಡ್ ಹತ್ತಿರ. ಒಂದು ಬೇಸಿಗೆಯ ಕೆಲಸ ಅಲ್ಲ, ನಾಲ್ಕೈದು ಬೇಸಿಗೆ ಹಿಡಿಯುತ್ತೆ. ಆದರೆ ಆ ಹೂಳು ನಮ್ಮ ಹೊಲಕ್ಕೇ ಬರುತ್ತೆ, ಗೊಬ್ಬರದ ಖರ್ಚು ಸ್ವಲ್ಪ ಉಳಿಯುತ್ತೆ. ಒಂದೇ ಎಚ್ಚರಿಕೆ: ಏರಿಯ ಬುಡದಲ್ಲಿ ಅಗೆಯಬಾರದು. ಹತ್ತಿರ ಅಂತ ಅಲ್ಲೇ ಜೆಸಿಬಿ ಇಳಿಸುವವರೇ ಹೆಚ್ಚು. ಬುಡ ಕಿತ್ತರೆ ಏರಿ ಜಾರುತ್ತೆ. ಎಲ್ಲಿಂದ ಅಗೆಯಬಹುದು ಅಂತ ಇಂಜಿನಿಯರ್ ಹತ್ರ ಸುಣ್ಣದ ಗೆರೆ ಹಾಕಿಸಿಕೊಂಡೇ ಶುರು ಮಾಡಿ.

ಮಳೆಗೆ ಮುಂಚೆ ಏರಿ ಮೇಲೆ ಒಂದು ಸುತ್ತು

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ನಾಲ್ಕೈದು ಜನ ಸೇರಿ ಹೊರಡಿ. ಎರಡು ಗಂಟೆ ಸಾಕು. ನೋಡಬೇಕಾದ್ದು ಇಷ್ಟು:

1. ಏರಿಯ ಮಟ್ಟ. ಎಲ್ಲಿ ತಗ್ಗಾಗಿದೆ ನೋಡಿ. ಮೊಬೈಲ್ ತೋರಿಸುವ ಎತ್ತರ ನಂಬಬೇಡಿ, ಅದು ಮೀಟರ್‌ಗಟ್ಟಲೆ ತಪ್ಪು ಹೇಳುತ್ತೆ. ಗಾರೆ ಮೇಸ್ತ್ರಿ ಹತ್ತಿರ ಇರುವ ನೀರು ತುಂಬಿದ ಟ್ಯೂಬ್ ಲೆವೆಲ್ ತಂದರೆ ಅಂಗುಲದ ಲೆಕ್ಕ ಸಿಗುತ್ತೆ. ಕೋಡಿ ಮಟ್ಟದಿಂದ ಏರಿಯ ಅತಿ ತಗ್ಗಿನ ಜಾಗಕ್ಕೆ ಎಷ್ಟು ಅಡಿ ಅಂತ ಬರೆದಿಡಿ. ಇಡೀ ಏರಿಯ ನಿಜವಾದ ಎತ್ತರ ಅದೇ.

2. ಕೋಡಿ. ಮರಳು ಮೂಟೆ, ಕಲ್ಲು ಜೋಡಿಸಿದ್ದಾರಾ? ಮೀನು ಹೋಗದಂತೆ ಬಲೆ, ಜಾಲರಿ ಕಟ್ಟಿದ್ದಾರಾ? ಸೊಪ್ಪು, ಪ್ಲಾಸ್ಟಿಕ್ ಬಂದು ಬಲೆಗೆ ಸಿಕ್ಕಿಕೊಂಡರೆ ಅದೇ ಗೋಡೆ. ಮೀನು ಸಾಕುವವರ ಜೊತೆ ಜಗಳ ಬೇಡ, ಮಳೆಗಾಲದಲ್ಲಿ ಬಲೆ ಯಾವಾಗ ತೆಗೀಬೇಕು ಅಂತ ಮೊದಲೇ ಮಾತಾಡಿ ಬರೆಸಿಕೊಳ್ಳಿ.

3. ಕೋಡಿ ಹಳ್ಳ. ಕೋಡಿ ದಾಟಿದ ನೀರಿಗೆ ಮುಂದೆ ದಾರಿ ಇದೆಯಾ? ಹಳ್ಳ ಒತ್ತಿ ತೋಟ ಮಾಡಿದ್ದರೆ ನೀರು ತಿರುಗಿ ಏರಿಯ ಬುಡಕ್ಕೇ ಬಡಿಯುತ್ತೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್, ಕೆರೆ, ಹಳ್ಳದ ಗಡಿ ನೋಡಬಹುದು. ಅದನ್ನು ಹಿಡಿದುಕೊಂಡು ಅರ್ಜಿ ಕೊಡಿ.

4. ಏರಿಯ ಹಿಂಬದಿ. ಬೇಸಿಗೆಯಲ್ಲೂ ಹಸಿರಾಗಿರುವ, ಒದ್ದೆ ಇರುವ ಜಾಗ ಗುರುತು ಮಾಡಿ. ಬಿಲ, ಹುತ್ತ, ಕುಸಿದ ಕಲ್ಲು ಎಲ್ಲದರ ಫೋಟೊ ತೆಗೆಯಿರಿ. ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದರೆ ಬದಲಾವಣೆ ಗೊತ್ತಾಗುತ್ತೆ.

5. ಬಿರುಕು. ಏರಿ ಉದ್ದಕ್ಕೆ ಇರುವ ಬಿರುಕೂ ತೋರಿಸಬೇಕಾದ್ದೇ. ಆದರೆ ಏರಿಗೆ ಅಡ್ಡಲಾಗಿ, ಕೆರೆ ಕಡೆಯಿಂದ ಹಿಂಬದಿಗೆ ಹಾದುಹೋದ ಬಿರುಕು ಬಹಳ ಅಪಾಯ. ಅದು ನೀರಿಗೆ ಸಿದ್ಧವಾದ ದಾರಿ.

6. ಪೈಪು. ಏರಿ ಅಗೆದು ಯಾರಾದರೂ ಪೈಪ್ ಹಾಕಿದ್ದರೆ ಬಿಡಬೇಡಿ. ಪೈಪು ಹೋಗಲೇಬೇಕಾದರೆ ಏರಿಯ ಮೇಲೆ ಹೋಗಲಿ, ಒಳಗೆ ಬೇಡ.

7. ಮರ. ಸಣ್ಣ ಜಾಲಿ, ಪೊದೆ ಕಡಿದು ತೆಗೆಯಿರಿ. ದೊಡ್ಡ ಮರವನ್ನು ಜೆಸಿಬಿಯಲ್ಲಿ ಬುಡಸಮೇತ ಕೀಳೋಕೆ ಹೋಗಬೇಡಿ. ಉಳಿಯುವ ಗುಂಡಿ ಮರಕ್ಕಿಂತ ಅಪಾಯ. ಇಂಜಿನಿಯರ್ ಬಂದು ನೋಡಲಿ.

ಜೋರು ಮಳೆಯ ರಾತ್ರಿ

ಏರಿ ಹಿಂಬದಿಯಲ್ಲಿ ಬಸಿಯುವ ನೀರು ತಿಳಿಯಾಗಿದ್ದು, ಹೆಚ್ಚಾಗದೆ ಇದ್ದರೆ ಕಣ್ಣಿಟ್ಟಿರಿ. ನೀರು ಕೆಂಪಗೆ, ಮಣ್ಣು ಬೆರೆತು ಬರೋಕೆ ಶುರುವಾದರೆ ಏರಿ ಒಳಗಿಂದ ಕರಗ್ತಿದೆ ಅಂತ ಅರ್ಥ. ಆಗ ತಕ್ಷಣ ಮಾಡಬೇಕಾದ್ದು ಕೆಳಗಿನ ಜನರನ್ನು ಎಬ್ಬಿಸೋದು. ವಾಟ್ಸಾಪ್ ಗ್ರೂಪಿನ ಮೆಸೇಜ್ ಅರ್ಧರಾತ್ರಿ ಯಾರನ್ನೂ ಎಬ್ಬಿಸಲ್ಲ. ಫೋನ್ ಮಾಡಿ, ದೇವಸ್ಥಾನದ ಮೈಕ್ ಹಾಕಿ, ಬಾಗಿಲು ಬಡಿಯಿರಿ. ಕೋಡಿ ಹಳ್ಳದ ದಂಡೆಯ ಮನೆಗಳ ನಂಬರ್, ಕೆಳಗಿನ ಊರಿನ ಇಬ್ಬರ ನಂಬರ್ ಈಗಲೇ ಸೇವ್ ಮಾಡಿಟ್ಟುಕೊಳ್ಳಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ತುರ್ತು ಸೇವೆ 112.

ಸೋರುವ ತೂತನ್ನು ಹಿಂಬದಿಯಿಂದ ಜೇಡಿಮಣ್ಣು ತುರುಕಿ ಮುಚ್ಚೋಕೆ ಹೋಗಬೇಡಿ. ಒತ್ತಡ ಕೂಡಿ ಇನ್ನೊಂದು ಕಡೆ ಒಡೆಯುತ್ತೆ. ಸಣ್ಣ ಊಟೆ ಇದ್ದು, ಹಗಲಾಗಿದ್ದು, ಹತ್ತಿರ ಹೋಗೋದು ಸುರಕ್ಷಿತ ಅಂತ ತಿಳಿದವರು ಹೇಳಿದರೆ ಮಾತ್ರ ಅದರ ಮೇಲೆ ಮೊದಲು ಮರಳು, ಆಮೇಲೆ ಜಲ್ಲಿ ಹಾಸಿ, ಸುತ್ತ ಮೂಟೆ ಜೋಡಿಸಬೇಕು. ನೀರು ಹೋಗಲಿ, ಮಣ್ಣು ಹೋಗದಿರಲಿ ಅನ್ನೋದು ಅದರ ಉದ್ದೇಶ. ಕೆರೆ ಒತ್ತಡ ತಗ್ಗಿಸ್ತೀವಿ ಅಂತ ನೀವೇ ಏರಿ ಕಡಿಯೋದು, ಕೋಡಿ ಒಡೆಯೋದು ಬೇಡವೇ ಬೇಡ. ಕಡಿದ ಜಾಗ ನಿಮ್ಮ ಮಾತು ಕೇಳಲ್ಲ. ಕೋಡಿ ಹರಿಯುವಾಗ ಅದರ ಮೇಲೆ ಇಳಿದು ಸೆಲ್ಫಿ ತೆಗೆಯೋದೂ ಬೇಡ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಮೊಣಕಾಲುದ್ದ ನೀರು ಸಾಕು, ಮನುಷ್ಯನನ್ನು ಎಳೆದುಕೊಂಡು ಹೋಗೋಕೆ.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಕೋಡಿ ಏರಿಸುವ ಮಾತು ನಿಮ್ಮೂರಲ್ಲಿ ಬಂದರೆ ಜೋರಾಗಿ ವಿರೋಧ ಮಾಡಬೇಕಿಲ್ಲ, ಮೂರು ಪ್ರಶ್ನೆ ಕೇಳಿ ಸಾಕು. ಕೋಡಿ ಏರಿಸಿದ ಮೇಲೆ ಏರಿಯ ಅತಿ ತಗ್ಗಿನ ಜಾಗಕ್ಕೆ ಎಷ್ಟು ಅಡಿ ಉಳಿಯುತ್ತೆ? ಒಂದು ರಾತ್ರಿ 100 ಮಿ.ಮೀ. ಮಳೆ ಬಂದರೆ ಆ ಕೋಡಿಯಲ್ಲಿ ನೀರು ದಾಟುತ್ತೆ ಅಂತ ಯಾವ ಇಂಜಿನಿಯರ್ ಸಹಿ ಹಾಕ್ತಾರೆ? ಕೆಳಗಿನ ಊರಿನವರನ್ನು ಕೇಳಿದ್ದೀರಾ? ಉತ್ತರ ಕಾಗದದ ಮೇಲೆ ಬರಲಿ. ಬಂದರೆ, ಕೋಡಿ ಉದ್ದ ಮಾಡಿಯೇ ಏರಿಸ್ತೀವಿ ಅಂದರೆ, ನಾನೂ ಕೈ ಎತ್ತುತ್ತೀನಿ. ಬರದಿದ್ದರೆ ಆ ದುಡ್ಡು ಹೂಳೆತ್ತೋಕೆ, ಏರಿಯ ತಗ್ಗು ತುಂಬಿಸೋಕೆ, ಕಲ್ಲು ಹೊದಿಕೆ ಸರಿಮಾಡೋಕೆ ಹೋಗಲಿ.

ನಮ್ಮೂರಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಅರ್ಧ ಜನ ನನ್ನ ಕಡೆ, ಅರ್ಧ ಜನ ಆ ಕಡೆ. ಆ ಕಡೆಯವರಲ್ಲಿ ನನ್ನ ದೊಡ್ಡಪ್ಪನ ಮಗನೂ ಇದ್ದಾನೆ. ಅವನ ತೋಟ ಏರಿಯಿಂದ ದೂರ, ದಿಬ್ಬದ ಮೇಲಿದೆ. ಅವನಿಗೆ ನಾನು ಹೇಳಿದ್ದು ಒಂದೇ: ಏರಿ ಒಡೆದರೆ ನನ್ನ ತೋಟ ಒಂದು ರಾತ್ರಿಯಲ್ಲಿ ಹೋಗುತ್ತೆ ಕಣಯ್ಯಾ, ಕೆರೆ ಇಲ್ಲದೆ ನಿನ್ನ ಬೋರ್‌ವೆಲ್ ಎರಡು ವರ್ಷದಲ್ಲಿ ಹೋಗುತ್ತೆ. ಹರಿದು ಹೋಗುವ ಒಂದಡಿ ನೀರು ನಷ್ಟ ಅಂತ ಅವನು ಈಗಲೂ ಅಂತಾನೆ. ಅದು ಕೆರೆ ಉಳಿಸಿಕೊಳ್ಳೋಕೆ ನಾವು ಕಟ್ಟುವ ಬಾಡಿಗೆ ಅಂತ ನಾನಂತೀನಿ. ಮುಂದಿನ ಗ್ರಾಮಸಭೆಗೆ ಟ್ಯೂಬ್ ಲೆವೆಲ್ ಅಳತೆ ತಗೊಂಡು ಹೋಗ್ತಿದ್ದೀನಿ. ನೀವೂ ನಿಮ್ಮ ಏರಿ ಅಳೆಯಿರಿ.